ಮೂರು ವರ್ಷ ಬಳಸಿದ ಸ್ವಿಚ್ಚು, ಕೈಕೊಟ್ಟ ಏಳನೆಯ ಪೋರ್ಟು

ಮೈಸೂರಿನ ಶಿವರಾಂಪೇಟೆಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯ. ಒಂಬತ್ತು ಕಂಪ್ಯೂಟರು, ಮೂರು ಪ್ರಿಂಟರು. ಇವನ್ನೆಲ್ಲ ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್. ಸಾಮಾನ್ಯ ಸ್ವಿಚ್ಚಿನ ದುಪ್ಪಟ್ಟು ಹಣ ಕೊಟ್ಟು, ಕಂಪ್ಯೂಟರಿನಲ್ಲೇ ಪುಟ ತೆರೆದು ಸೆಟ್ಟಿಂಗ್ ನೋಡಬಹುದಾದ, 24 ಪೋರ್ಟಿನ (ಕೇಬಲ್ ಚುಚ್ಚುವ ಕಿಂಡಿ) ಈ ಮ್ಯಾನೇಜ್ಡ್ ಸ್ವಿಚ್ ತಂದೆ. ವೇಗ, ವ್ಯಾಟ್ ಎಲ್ಲ ಡಬ್ಬಿಯ ಮೇಲೇ ಇದೆ. ನಾನು ಬರೆಯುತ್ತಿರುವುದು ಅದರ ಮ್ಯಾಕ್ ಟೇಬಲ್ ಬಗ್ಗೆ, ಅಂದರೆ ಯಾವ ಯಂತ್ರದ ವಿಳಾಸ ಯಾವ ಪೋರ್ಟಿನಲ್ಲಿದೆ ಎಂದು ತೋರಿಸುವ ಪಟ್ಟಿಯ ಬಗ್ಗೆ.

ಬೆಳಿಗ್ಗೆ ಬಾಗಿಲು ತೆರೆದು, ಊದುಬತ್ತಿ ಹಚ್ಚಿ, ಮೊದಲು ನೋಡುವುದು ಆ ಪುಟವನ್ನೇ. ಆಗ ಅಲ್ಲಿ ಇರುವುದು ಎರಡೇ ಸಾಲು: ನನ್ನ ಕಂಪ್ಯೂಟರಿನದು, ರೂಟರಿನದು. ಹುಡುಗರು ಬಂದು ಒಂದೊಂದೇ ಯಂತ್ರವನ್ನು ಚಾಲೂ ಮಾಡಿದಂತೆ ಸಾಲುಗಳು ಸೇರುತ್ತವೆ. ಯಂತ್ರ ಕಳುಹಿಸುವ ಪ್ರತಿ ಫ್ರೇಮಿನಲ್ಲೂ (ಮಾಹಿತಿಯ ತುಣುಕಿನಲ್ಲೂ) ಅದರದೇ ವಿಳಾಸ ಇರುತ್ತದೆ. ಅದು ಯಾವ ಪೋರ್ಟಿನಿಂದ ಬಂತೆಂದು ಸ್ವಿಚ್ ಬರೆದಿಟ್ಟುಕೊಳ್ಳುತ್ತದೆ. 300 ಸೆಕೆಂಡು ಸದ್ದಿಲ್ಲದಿದ್ದರೆ ಅಳಿಸುತ್ತದೆ. ವಿಳಾಸದ ಹನ್ನೆರಡು ಅಕ್ಷರಗಳಲ್ಲಿ ಮೊದಲ ಆರು ತಯಾರಕರ ಗುರುತಾದ್ದರಿಂದ ನಮ್ಮ ಪ್ರಿಂಟರುಗಳು ಎಚ್ಚರಗೊಂಡದ್ದು ನೋಡಿದ ಕೂಡಲೇ ತಿಳಿಯುತ್ತದೆ. ಚೀಟಿ ಅಂಟಿಸದ ಕೇಬಲ್ ಯಾವುದರದೆಂದು ಹುಡುಕಲು ಮೇಜಿನಡಿ ತೆವಳುವ ಕೆಲಸ ಇದರಿಂದ ತಪ್ಪಿತು.

ಆದರೆ ಕಳೆದ ಆಯುಧಪೂಜೆ ನನ್ನನ್ನು ಕೆರಳಿಸಿತು. ಧೂಳು ಒರೆಸಿ ಕುಂಕುಮ ಇಡಲು ಎಲ್ಲ ಕೇಬಲ್ ಕಿತ್ತಿದ್ದೆವು. ಮತ್ತೆ ಚುಚ್ಚುವಾಗ ದೊಡ್ಡ ಪ್ರಿಂಟರಿನದು ಏಳರ ಬದಲು ಒಂಬತ್ತನೆಯ ಪೋರ್ಟಿಗೆ ಹೋಯಿತು. ವಿಜಯದಶಮಿ ಕಳೆದು ಕೆಲಸಕ್ಕೆ ಕುಳಿತರೆ, ಬೇರೆಲ್ಲ ಯಂತ್ರಗಳೂ ಸರಿ. ಅದೊಂದರಲ್ಲಿ ಮಾತ್ರ ಕಾಗದ ಬರಲಿಲ್ಲ. “ಸಾರ್, ದೀಪ ಮಿನುಗುತ್ತಿದೆ, ಆದರೆ ಏನೂ ಬರುತ್ತಿಲ್ಲ” ಎಂದು ಹುಡುಗ ಹತ್ತು ಬಾರಿ ಹೇಳಿದ. ಲಗ್ನಪತ್ರಿಕೆಗಳ ರಾಶಿ ಕಾಯುತ್ತಿತ್ತು. ಕೇಬಲ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ, ಅರ್ಧ ದಿನ ಕಳೆಯಿತು.

ಕಾರಣ ಸಿಕ್ಕಿದ್ದು ಇನ್ನೊಂದು ಪುಟದಲ್ಲಿ. ಅಳವಡಿಸಲು ಬಂದವರು ಆ ಪ್ರಿಂಟರಿನ ವಿಳಾಸವನ್ನು ಏಳನೆಯ ಪೋರ್ಟಿಗೆ ಸ್ಟ್ಯಾಟಿಕ್ ಆಗಿ, ಅಂದರೆ ಕೈಯಾರೆ ಖಾಯಂ ಆಗಿ, ಬರೆದಿದ್ದರು. ಅಂಥ ಸಾಲು ತಾನಾಗಿ ಅಳಿಯುವುದಿಲ್ಲ, ಯಂತ್ರ ಜಾಗ ಬದಲಿಸಿದರೂ ಬದಲಾಗುವುದಿಲ್ಲ. ಎಲ್ಲರಿಗೂ ಕೂಗುವ ಬ್ರಾಡ್‌ಕಾಸ್ಟ್ ಒಂಬತ್ತಕ್ಕೂ ತಲುಪುತ್ತಿತ್ತು, ಅದಕ್ಕೇ ದೀಪ ಮಿನುಗುತ್ತಿತ್ತು. ಆ ಪ್ರಿಂಟರಿಗೆಂದೇ ಕಳುಹಿಸಿದ್ದೆಲ್ಲ ಖಾಲಿ ಏಳರತ್ತ ಹೋಗುತ್ತಿತ್ತು. ನಾನು ದಿನಾ ನೋಡುವ ಪಟ್ಟಿಯಲ್ಲಿ ಸ್ಟ್ಯಾಟಿಕ್ ಸಾಲುಗಳನ್ನು ತೋರಿಸುವುದೇ ಇಲ್ಲ. ಇದು ತಯಾರಕರ ದೊಡ್ಡ ಲೋಪ. ಎರಡನ್ನೂ ಒಂದೇ ಕಡೆ ಇಟ್ಟಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಸಾಲನ್ನು ಅಳಿಸಿ ‘ಸೇವ್’ ಒತ್ತಿದೆ. ಒತ್ತದಿದ್ದರೆ ಕರೆಂಟು ಹೋಗಿ ಬಂದಾಗ ಹಳೆಯದೇ ಮರಳುತ್ತದೆ, ಮರೆಯಬೇಡಿ. ಪುಟವನ್ನು ಮತ್ತೆ ತೆರೆದಾಗ ಅದೇ ಹನ್ನೆರಡು ಅಕ್ಷರ, ಎದುರಿಗೆ ಒಂಬತ್ತು. ಒಳಗೆ ಪ್ರಿಂಟರು ಮೊದಲ ಹಾಳೆ ಎಳೆದುಕೊಂಡ ಸದ್ದು ಕೇಳಿಸಿತು, ಸಿಟ್ಟು ಅರ್ಧ ಇಳಿಯಿತು.

ಈಗ ಸ್ಟ್ಯಾಟಿಕ್ ಸಾಲು ಒಂದನ್ನೂ ಇಟ್ಟಿಲ್ಲ. ನಮ್ಮಂಥ ಚಿಕ್ಕ ಜಾಗಕ್ಕೆ ಅದರ ಅಗತ್ಯವೂ ಇಲ್ಲ. ವಿಳಾಸದ ಪಕ್ಕ ಹೆಸರು ಬರೆಯುವ ಸೌಲಭ್ಯ ಇದರಲ್ಲಿಲ್ಲ, ಹಾಗಾಗಿ ಯಂತ್ರಗಳ ವಿಳಾಸಗಳನ್ನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.