ಮಿಸ್ಟರ್ ಟಿಬ್ಸ್‌ಗೆ ಏಕವಚನವೋ ಬಹುವಚನವೋ?

ಜಾನ್ ಬಾಲ್ ಅವರ ‘ಇನ್ ದ ಹೀಟ್ ಆಫ್ ದ ನೈಟ್’ ಕಾದಂಬರಿಯನ್ನು ಚಿಕ್ಕಮಗಳೂರಿನ ಮಳೆಗಾಲದಲ್ಲಿ, ಕರೆಂಟು ಹೋಗಿ ಬರುತ್ತಿದ್ದ ಎರಡು ರಾತ್ರಿಗಳಲ್ಲಿ ಓದಿ ಮುಗಿಸಿ, ಮುಂದಿನ ಭಾನುವಾರ ಅದನ್ನಾಧರಿಸಿದ ಚಿತ್ರವನ್ನು ತಂದೆಯವರ ಜೊತೆ ಕುಳಿತು ನೋಡಿದೆ. ಕಾದಂಬರಿ 1965ರದು, ನಾರ್ಮನ್ ಜೂಯಿಸನ್ ನಿರ್ದೇಶನದ ಚಿತ್ರ 1967ರದು. ಅಮೆರಿಕದ ದಕ್ಷಿಣದ ಸಣ್ಣ ಊರೊಂದರಲ್ಲಿ ರಾತ್ರಿ ಕೊಲೆಯಾಗುತ್ತದೆ. ರೈಲಿಗಾಗಿ ಕಾಯುತ್ತಿದ್ದ ಕಪ್ಪು ವರ್ಣೀಯನ ಪರ್ಸಿನಲ್ಲಿ ಹಣ ಕಂಡದ್ದೇ ಸಾಕೆಂದು ಪೊಲೀಸರು ಅವನನ್ನು ಠಾಣೆಗೆ ಎಳೆತರುತ್ತಾರೆ. ಅವನು ವರ್ಜಿಲ್ ಟಿಬ್ಸ್, ಬೇರೆ ಊರಿನ ನುರಿತ ಪೊಲೀಸ್ ಅಧಿಕಾರಿ ಎಂದು ತಿಳಿದ ಮೇಲೆ, ಅವನ ನೆರವು ಬೇಕು, ಆದರೆ ಅವನು ಬೇಡ ಎಂಬ ಇಕ್ಕಟ್ಟು ಶುರುವಾಗುತ್ತದೆ.

ಊರಿನ ಹೆಸರು, ಟಿಬ್ಸ್ ಬಂದ ನಗರ ಎಲ್ಲವೂ ಚಿತ್ರದಲ್ಲಿ ಬದಲಾಗಿವೆ. ಕಾದಂಬರಿಯಲ್ಲಿ ಸಂಗೀತ ಉತ್ಸವ ಏರ್ಪಡಿಸಲು ಬಂದವನು ಕೊಲೆಯಾದರೆ, ಚಿತ್ರದಲ್ಲಿ ಕಾರ್ಖಾನೆ ಕಟ್ಟಲು ಬಂದ ಉದ್ಯಮಿ ಸಾಯುತ್ತಾನೆ. ಇವು ದೊಡ್ಡ ಮಾತಲ್ಲ. ದೊಡ್ಡ ವ್ಯತ್ಯಾಸವಿರುವುದು ಕಥೆಯನ್ನು ಯಾರ ಕಣ್ಣಿನಿಂದ ನೋಡುತ್ತೇವೆ ಎಂಬುದರಲ್ಲಿ. ಕಾದಂಬರಿ ಬಹುಪಾಲು ಗಸ್ತಿನ ಬಿಳಿಯ ಪೊಲೀಸ್ ಸ್ಯಾಮ್ ವುಡ್‌ನ ಮನಸ್ಸಿನೊಳಗೆ ನಡೆಯುತ್ತದೆ. ಅವನು ಕ್ರೂರಿಯಲ್ಲ, ಹುಟ್ಟಿನಿಂದ ಕೇಳಿಬಂದದ್ದನ್ನು ಎಂದೂ ಪ್ರಶ್ನಿಸದವನು. ಟಿಬ್ಸ್‌ನ ಕೆಲಸವನ್ನು ನೋಡುತ್ತ ಅವನ ನಂಬಿಕೆ ಅವನಿಗೇ ತಿಳಿಯದಂತೆ ಸಡಿಲವಾಗುವ ಬಗೆಯನ್ನು ಕಾದಂಬರಿ ನಿಧಾನವಾಗಿ, ನಂಬುವಂತೆ ತೋರಿಸುತ್ತದೆ. ಚಿತ್ರದಲ್ಲಿ ಸ್ಯಾಮ್ ಬರಿಯ ಪೋಷಕ ಪಾತ್ರ; ಅವನ ಜಾಗಕ್ಕೆ ಠಾಣೆಯ ಮುಖ್ಯಸ್ಥ ಗಿಲೆಸ್ಪಿ ಬಂದಿದ್ದಾನೆ. ಇದು ನನಗೆ ನಷ್ಟವೆಂದೇ ತೋರಿತು.

ಆದರೆ ಕಾದಂಬರಿಯ ಟಿಬ್ಸ್ ಅತಿಯಾಗಿ ತಾಳ್ಮೆಯವನು. ಅವಮಾನವನ್ನೆಲ್ಲ ನುಂಗಿಕೊಂಡು ನಯವಾಗಿಯೇ ಮಾತನಾಡುವ ಅವನ ಒಳಗೆ ಏನು ಕುದಿಯುತ್ತಿದೆ ಎಂಬುದು ನಮಗೆ ಸಿಗುವುದೇ ಇಲ್ಲ. ಚಿತ್ರದಲ್ಲಿ ಟಿಬ್ಸ್ ಆದ ಸಿಡ್ನಿ ಪೊಯ್ಟಿಯರ್ ಆ ಕುದಿಯನ್ನು ಮುಖದಲ್ಲಿ ಹೊತ್ತು ತಂದಿದ್ದಾರೆ. 1964ರಲ್ಲಿ ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಜನಾಂಗದ್ವೇಷಿಗಳ ಗುಂಪು ಅವರ ಕಾರನ್ನು ಬೆನ್ನಟ್ಟಿತ್ತು. ಹೀಗಾಗಿ ಅವರು ದಕ್ಷಿಣಕ್ಕೆ ಹೋಗಲು ಒಪ್ಪದೆ, ಹೆಚ್ಚಿನ ಚಿತ್ರೀಕರಣ ಉತ್ತರದ ರಾಜ್ಯವಾದ ಇಲಿನಾಯ್‌ನಲ್ಲಿ ನಡೆಯಿತು. ಕಾದಂಬರಿಯಲ್ಲಿ ಎಂಡಿಕಾಟ್ ಎಂಬವನು ಟಿಬ್ಸ್‌ನನ್ನು ಗೌರವಿಸುವ ಸಜ್ಜನ. ಚಿತ್ರದ ಎಂಡಿಕಾಟ್ ಹತ್ತಿ ತೋಟದ ಧಣಿ. ಆರ್ಕಿಡ್ ಹೂಗಳ ನಡುವೆ ಅವನು ಟಿಬ್ಸ್‌ನ ಕೆನ್ನೆಗೆ ಹೊಡೆದಾಗ, ಟಿಬ್ಸ್ ಅರೆಕ್ಷಣವೂ ತಡೆಯದೆ ತಿರುಗಿ ಬಾರಿಸುತ್ತಾನೆ. ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದ ನಮ್ಮ ತಂದೆ ಆ ಏಟಿಗೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

ಪತ್ತೇದಾರಿ ಕಥೆಯಾಗಿ ನೋಡಿದರೆ ಚಿತ್ರ ದುರ್ಬಲ. ಕೊಲೆಗಾರನವರೆಗಿನ ದಾರಿ ಕಾದಂಬರಿಯಲ್ಲಿ ಸ್ವಚ್ಛವಾಗಿದೆ, ಚಿತ್ರದಲ್ಲಿ ಗೋಜಲಾಗಿದೆ. ಚಿತ್ರಕ್ಕೆ ಐದು ಆಸ್ಕರ್ ಬಂದವು; ಗಿಲೆಸ್ಪಿಯಾದ ರಾಡ್ ಸ್ಟೈಗರ್‌ಗೆ ಶ್ರೇಷ್ಠ ನಟ ಪ್ರಶಸ್ತಿ, ಪೊಯ್ಟಿಯರ್‌ಗೆ ನಾಮನಿರ್ದೇಶನವೂ ಇಲ್ಲ.

ಊರಿನಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ ಎಂದು ಗಿಲೆಸ್ಪಿ ಹಂಗಿಸಿದಾಗ, ‘ಮಿಸ್ಟರ್ ಟಿಬ್ಸ್ ಎನ್ನುತ್ತಾರೆ’ ಎಂಬ ಉತ್ತರ ಎರಡರಲ್ಲೂ ಇದೆ. ಎಸ್ಟೇಟಿನ ಕೂಲಿಯವರ ಲೈನು ಮನೆಯ ಎಪ್ಪತ್ತರ ಹಿರಿಯನನ್ನು ಮಾಲೀಕರ ಮನೆಯ ಹತ್ತು ವರ್ಷದ ಹುಡುಗ ‘ಬಾರೋ’ ಎನ್ನುವುದನ್ನು ಕೇಳಿ ಬೆಳೆದವರಿಗೆ ಆ ಮಾತಿನ ತೂಕವನ್ನು ವಿವರಿಸಬೇಕಿಲ್ಲ. ಚಿತ್ರದ ಕೊನೆಯಲ್ಲಿ ಗಿಲೆಸ್ಪಿ ಟಿಬ್ಸ್‌ನ ಸೂಟ್‌ಕೇಸನ್ನು ತಾನೇ ಹಿಡಿದು ಸ್ಟೇಷನ್ನಿಗೆ ಬರುತ್ತಾನೆ. ಆದರೆ ಹುಷಾರು ಹೇಳಿ ಬೀಳ್ಕೊಡುವಾಗಲೂ ಅವನ ಬಾಯಿಂದ ಬರುವುದು ‘ವರ್ಜಿಲ್’ ಎಂಬ ಹೆಸರೇ. ಆ ಇಂಗ್ಲಿಷಿನ ಉಚ್ಚಾರಣೆ ತಿಳಿಯದ ತಂದೆ, “ಹುಷಾರಾಗಿರು ಅಂದನೋ, ಹುಷಾರಾಗಿರಿ ಅಂದನೋ?” ಎಂದು ಕೇಳಿದರು. ಇಂಗ್ಲಿಷಿನಲ್ಲಿ ಆ ಭೇದವಿಲ್ಲವೆಂದು ಹೇಳಿದರೂ ಅವರು ಒಪ್ಪಲಿಲ್ಲ. ದೃಶ್ಯವನ್ನು ಹಿಂದಕ್ಕೆ ಹಾಕಿ, ಗಿಲೆಸ್ಪಿಯ ಮುಖವನ್ನು ಇನ್ನೊಮ್ಮೆ ನೋಡಿದೆವು.