ಜಾತ್ರೆಯಲ್ಲಿ ಕೊಂಡ 180 ರೂಪಾಯಿಯ ಮಡಚುವ ಚಾಕು: ಎರಡು ವರ್ಷ ಬಳಸಿದ ಮೇಲೆ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ 180 ರೂಪಾಯಿ ಕೊಟ್ಟು ಈ ಚಾಕು ತಗೊಂಡೆ. ಎರಡು ವರ್ಷದ ಮೇಲಾಯ್ತು. ಕಂಪನಿ ಹೆಸರಿಲ್ಲ, ಅಲಗಿನ ಮೇಲೆ ಬರೀ ‘ಸ್ಟೇನ್‌ಲೆಸ್’ ಅಂತ ಅಚ್ಚು ಇದೆ ಅಷ್ಟೆ. ಕುಷ್ಟಗಿ ಕಡೆ ನಮ್ಮದು ಮಸಾರಿ ಹೊಲ, ಎರಡೂವರೆ ಎಕರೆ ದಾಳಿಂಬೆ. ಹಾಗಾಗಿ ಚಾಕುವಿಗೆ ಜೇಬಲ್ಲಿ ಸುಮ್ನೆ ಕೂರುವ ಭಾಗ್ಯ ಇರಲಿಲ್ಲ. ಡ್ರಿಪ್ ಪೈಪು ಕತ್ತರಿಸೋದು, ಸುತಲಿ ಕೊಯ್ಯೋದು, ಗೊಬ್ಬರದ ಚೀಲ ಬಿಚ್ಚೋದು, ದಿನಾ ಏನಾದರೂ ಒಂದು ಕೆಲಸ ಇದ್ದೇ ಇರುತ್ತಿತ್ತು.

ಇಷ್ಟು ಕಡಿಮೆ ಬೆಲೆಯ ಚಾಕು ಕೊಳ್ಳಬಹುದಾ? ಕೊಳ್ಳಬಹುದು. ಆದರೆ ಲಾಕ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ನಾನು ಮಾಡಲಿಲ್ಲ, ಬೆರಳಿಗೆ ಮೂರು ಹೊಲಿಗೆ ಬಿತ್ತು.

ಇದರಲ್ಲಿ ಇರೋದು ಲೈನರ್ ಲಾಕ್. ಹಿಡಿಯ ಒಳಗೆ ತೆಳ್ಳನೆಯ ಲೋಹದ ಪಟ್ಟಿ ಇರುತ್ತದೆ. ಚಾಕು ಪೂರ್ತಿ ತೆರೆದಾಗ ಆ ಪಟ್ಟಿ ಸ್ಪ್ರಿಂಗಿನ ಹಾಗೆ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲಬೇಕು. ನನ್ನ ಚಾಕುವಿನಲ್ಲಿ ಅದು ಬುಡದ ಅಂಚನ್ನು ಕೂದಲೆಳೆಯಷ್ಟು ಮಾತ್ರ ಮುಟ್ಟುತ್ತಿತ್ತು, ಆವಾಗ ನನಗೆ ಅದೆಲ್ಲ ನೋಡಬೇಕು ಅಂತಾನೇ ಗೊತ್ತಿರಲಿಲ್ಲ. ತೆರೆದಾಗ ‘ಟಕ್’ ಅಂತ ಒಳ್ಳೇ ಸದ್ದು ಬರುತ್ತಿತ್ತು, ಅದನ್ನೇ ನಂಬಿದೆ. ಏಳನೇ ತಿಂಗಳಲ್ಲಿ ಹಳೇ ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಹಾಕೋಣ ಅಂತ ತುದಿ ಒತ್ತಿ ತಿರುಗಿಸಿದೆ. ಪಟ್ಟಿ ಜಾರಿತು. ಅಲಗು ಮಡಚಿಕೊಂಡು ತೋರುಬೆರಳಿನ ಮೇಲೆ ಕೂತಿತು. ರಕ್ತ ನೋಡಿ ನನ್ನ ಮಗಳು ಅತ್ತಿದ್ದು ಈಗಲೂ ನೆನಪಿದೆ.

ಆಮೇಲೆ ನಮ್ಮ ಕಾಕಾ ಚಾಕು ಕೈಗೆ ತಗೊಂಡು ನೋಡಿ, ‘ತಮ್ಮಾ, ಲಾಕ್ ಇಲ್ಲದ ಚಾಕು ಹಿಡಿದಾಂವ ಹುಷಾರ್ ಇರ್ತಾನ. ಲಾಕ್ ಐತಿ ಅಂದ್ಕೊಂಡಾಂವಗ ಬೆರಳು ಹೋಗ್ತದ’ ಅಂದರು. ಅವರ ಹತ್ತಿರ ಇರೋದು ಲಾಕೇ ಇಲ್ಲದ ಮರದ ಹಿಡಿಯ ಚಾಕು, ಇಪ್ಪತ್ತು ವರ್ಷದ್ದು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ಸಣ್ಣ ಜೇಬು ಚಾಕುಗಳಲ್ಲೂ ಹೆಚ್ಚಿನವಕ್ಕೆ ಲಾಕ್ ಇರಲ್ಲ, ಬರೀ ಸ್ಪ್ರಿಂಗಿನ ಬಿಗಿ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ಲಾಕ್ ಸೇರಿಸಿದಾಗಲೂ ಕತ್ತಿನ ಹತ್ತಿರ ತಿರುಗಿಸುವ ಒಂದು ಲೋಹದ ಉಂಗುರ ಹಾಕಿದರು, ಅಷ್ಟೆ. ಅಂದರೆ ಸರಳವಾದ ಲಾಕ್ ಗಟ್ಟಿ ಇರಬಹುದು, ಲಾಕ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಅರ್ಧಂಬರ್ಧ ಹಿಡಿಯುವ ಲಾಕ್ ಮಾತ್ರ ಬೇಡವೇ ಬೇಡ.

ಅಲಗಿನ ಬಗ್ಗೆ ನನಗೆ ಅಂಥ ದೂರಿಲ್ಲ. ಈ ಬೆಲೆಯ ಚಾಕುಗಳಲ್ಲಿ ಸಾಮಾನ್ಯವಾಗಿ 420 ಅಥವಾ 3ಸಿಆರ್13 ಅನ್ನೋ ತರದ ಉಕ್ಕು ಇರುತ್ತದೆ. ಆ ಎರಡನೇ ಹೆಸರಲ್ಲೇ ಲೆಕ್ಕ ಇದೆ: ಶೇ. 0.3ರ ಹತ್ತಿರ ಕಾರ್ಬನ್, ಶೇ. 13ರ ಹತ್ತಿರ ಕ್ರೋಮಿಯಂ. ಕಾರ್ಬನ್ ಕಡಿಮೆ ಇರೋದರಿಂದ ಉಕ್ಕು ಮೆತ್ತಗೆ, ಬೇಗ ಮೊಂಡಾಗುತ್ತದೆ. ನನ್ನದು ಹತ್ತು ದಿನಕ್ಕೊಮ್ಮೆ ಸಾಣೆ ಕೇಳುತ್ತದೆ, ಮಣ್ಣು ಹತ್ತಿದ ಸುತಲಿ ಕೊಯ್ದರೆ ಇನ್ನೂ ಬೇಗ. ಆದರೆ ಮೆತ್ತಗೆ ಇರೋದರಿಂದಲೇ ಹರಿತವೂ ಬೇಗ ಬರುತ್ತದೆ, ಅಂಚು ಚಕ್ಕೆ ಏಳಲ್ಲ, ಬಾಗುತ್ತದೆ. ಎರಡು ಮುಖದ ಸಾಣೆಕಲ್ಲಿನ ಮೇಲೆ ನೀರು ಹಾಕಿ, ಅಲಗನ್ನು ಸುಮಾರು 20 ಡಿಗ್ರಿ ಓರೆ ಹಿಡಿದು, ಆಚೆ ಬದಿಯಲ್ಲಿ ಬೆರಳಿಗೆ ಸಣ್ಣ ಗರಿ, ಅಂದರೆ ಅಂಚಿನಿಂದ ಆಚೆಗೆ ಮಡಚಿಕೊಂಡ ಒರಟು ಲೋಹ, ತಾಕುವವರೆಗೆ ಉಜ್ಜಬೇಕು. ಆಮೇಲೆ ಇನ್ನೊಂದು ಬದಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಎಳೆಯಿರಿ. ಐದಾರು ನಿಮಿಷದ ಕೆಲಸ. ತಿರುಗುವ ಚಕ್ರಕ್ಕೆ ಕೊಡಬೇಡಿ. ಬಿಸಿಗೆ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿಯ ಗಡಸುತನ ಹೋಯಿತು ಅಂತ ಅರ್ಥ.

ತುಕ್ಕಿನ ವಿಷಯದಲ್ಲಿ ತಪ್ಪು ನನ್ನದೇ. ದಾಳಿಂಬೆ ಬೆಳೆಯುವವರಿಗೆ ಗೊತ್ತು, ದುಂಡಾಣು ಅಂಗಮಾರಿ ರೋಗ ಕತ್ತರಿ ಚಾಕುಗಳ ಮೂಲಕವೂ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಅದಕ್ಕೆ ಒಂದು ಗಿಡ ಸವರಿದ ಮೇಲೆ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮುಂದಿನ ಗಿಡಕ್ಕೆ ಹೋಗಬೇಕು ಅಂತ ಹೇಳುತ್ತಾರೆ. ನಾನು ಈ ಚಾಕುವನ್ನೂ ಅದ್ದಿದೆ, ಒರೆಸದೆ ಮಡಚಿ ಜೇಬಿಗೆ ಹಾಕಿದೆ. ಅದರಲ್ಲಿರುವ ಕ್ಲೋರಿನ್ ಸ್ಟೇನ್‌ಲೆಸ್ ಉಕ್ಕನ್ನೂ ತಿನ್ನುತ್ತದೆ. ವಾರದಲ್ಲಿ ಅಲಗಿನ ಮೇಲೆ ರಾಗಿ ಕಾಳಿನಷ್ಟು ಕಂದು ಚುಕ್ಕೆಗಳು, ಉಜ್ಜಿದರೆ ಕೆಳಗೆ ಗುಳಿ. ಪೊಟ್ಯಾಶ್ ಗೊಬ್ಬರವೂ ಹಾಗೇ, ಅದು ಒಂದು ತರದ ಉಪ್ಪೇ ಅಲ್ವಾ, ಕೀಲಿನೊಳಗೆ ಸೇರಿದರೆ ತೆರೆಯೋದೇ ಕಷ್ಟ. ಈಗ ಗಿಡ ಸವರೋಕೆ ಕತ್ತರಿ ಬೇರೆ ಇದೆ. ಚಾಕುವನ್ನು ಸಂಜೆ ತೊಳೆದು, ಒಣಗಿಸಿ, ಕೀಲಿಗೆ ಒಂದು ಹನಿ ಮಷಿನ್ ಎಣ್ಣೆ ಬಿಡುತ್ತೇನೆ. ಇನ್ನೊಂದು ಮಾತು, ಗೊಬ್ಬರ ಮುಟ್ಟಿದ ಚಾಕುವಿನಲ್ಲಿ ಬುತ್ತಿ ಜೊತೆ ಉಳ್ಳಾಗಡ್ಡಿ ಹೆಚ್ಚಬೇಡಿ. ಊಟಕ್ಕೆ ಬೇರೆ ಇಟ್ಟುಕೊಳ್ಳಿ.

ಜೇಬಿಗೆ ಸಿಕ್ಕಿಸುವ ಕ್ಲಿಪ್ಪು ನಾಲ್ಕು ತಿಂಗಳಿಗೇ ಬಿದ್ದುಹೋಯಿತು. ಕೀಲಿನ ಸ್ಕ್ರೂ ಸಡಿಲವಾಗಿ ಅಲಗು ಆ ಕಡೆ ಈ ಕಡೆ ಆಡೋಕೆ ಶುರುವಾಯಿತು. ಅದರ ತಲೆ ನಕ್ಷತ್ರದ ಆಕಾರದ್ದು, ಸೈಕಲ್ ಅಂಗಡಿಯಲ್ಲಿ ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಇರಲಿಲ್ಲ, ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಸಿಕ್ಕಿತು. ಬಿಗಿ ಮಾಡಿ, ಮನೆಯವಳ ಉಗುರುಬಣ್ಣ ಒಂದು ಹನಿ ಹಚ್ಚಿದೆ. ಅದಾದ ಮೇಲೆ ಅಲ್ಲಾಡಿಲ್ಲ. ಸ್ಕ್ರೂ ಬದಲು ರಿವೆಟ್ ಹೊಡೆದ ಚಾಕು ಆಗಿದ್ದರೆ ಹೀಗೆ ಬಿಗಿ ಮಾಡೋಕೆ ಆಗುತ್ತಿರಲಿಲ್ಲ.

ಈ ಸಲದ ಜಾತ್ರೆಯಲ್ಲಿ ತಮ್ಮನಿಗೆ ಒಂದು ಚಾಕು ಬೇಕಿತ್ತು. ಅಂಗಡಿಯವರಿಗೆ ಹೇಳಿ ಒಂದೊಂದೇ ತೆರೆದೆ. ಮೊದಲು ಪಟ್ಟಿ ಅಲಗಿನ ಬುಡಕ್ಕೆ ಎಷ್ಟು ಒಳಗೆ ಕೂರುತ್ತದೆ ಅಂತ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಹಿಡಿಯನ್ನು ಎರಡು ಪಕ್ಕದಲ್ಲಿ ಮಾತ್ರ ಹಿಡಿದು, ಅಲಗು ಮಡಚಿ ಬರುವ ದಾರಿಯಲ್ಲಿ ಬೆರಳು ಇಡದೆ, ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಿದೆ. ಆರು ಚಾಕುಗಳಲ್ಲಿ ನಾಲ್ಕು ಮಡಚಿಕೊಂಡವು, ಎಲ್ಲಾ ಒಂದೇ ಬೆಲೆಯವು, ನೋಡೋಕೂ ಒಂದೇ ತರ. ನಿಂತ ಎರಡರಲ್ಲಿ ಕೀಲಿಗೆ ಸ್ಕ್ರೂ ಇದ್ದದ್ದನ್ನು 220 ರೂಪಾಯಿಗೆ ತಗೊಂಡೆವು. ತೂತು ಹಾಕೋಕೆ ಮಾತ್ರ ಅದನ್ನೂ ಬಳಸಬೇಡ ಅಂತ ತಮ್ಮನಿಗೆ ಹೇಳಿದ್ದೇನೆ, ಅದಕ್ಕೆ ಮನೆಯಲ್ಲಿ ಡ್ರಿಲ್ ಇದೆ.