ಲಗ್ನಪತ್ರಿಕೆಯ ಹೆಸರುಗಳಿಗೆ ಜಾಪ್ಫಿನೊ ಫಾಂಟ್: ಹಲವು ವರ್ಷ ಬಳಸಿದ ಮೇಲೆ

ಲಗ್ನಪತ್ರಿಕೆ ಡಿಸೈನ್ ಮಾಡುವ ಕೆಲಸದಲ್ಲಿ ವರ್ಷಗಳಿಂದ ಜಾಪ್ಫಿನೊ ಅನ್ನುವ, ಕೈಬರಹದ ಹಾಗೆ ಕಾಣುವ ಇಂಗ್ಲಿಷ್ ಫಾಂಟ್ ಬಳಸುತ್ತಿದ್ದೇನೆ. ಪತ್ರಿಕೆಯ ಇಂಗ್ಲಿಷ್ ಬದಿಯಲ್ಲಿ ವಧು-ವರರ ಹೆಸರಿಗೆ ಇದಕ್ಕಿಂತ ಚೆನ್ನಾದ ಫಾಂಟ್ ನನಗೆ ಸಿಕ್ಕಿಲ್ಲ. ಹೆಸರಿಗೆ ಮಾತ್ರ. ಮುಹೂರ್ತ, ಛತ್ರದ ವಿಳಾಸ, ಊಟದ ಸಮಯ ಎಲ್ಲವನ್ನೂ ಇದರಲ್ಲೇ ಹಾಕಿದರೆ ಅಜ್ಜ-ಅಜ್ಜಿಯರು ಓದುವುದು ಹೇಗೆ?

ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ 'ಎಚ್' ಜಾಸ್ತಿ ಬರುತ್ತದೆ, ಅಲ್ವಾ? ಸಿದ್ಧಾರ್ಥ್ ಅನ್ನುವ ಹೆಸರನ್ನೇ ನೋಡಿ. ಅಕ್ಕಪಕ್ಕ ಎರಡು 'ಡಿ', ಎರಡು 'ಎಚ್', ಜೊತೆಗೊಂದು 'ಟಿ'. ಎಲ್ಲವೂ ಮೇಲಕ್ಕೆ ಚಾಚುವ ಅಕ್ಷರಗಳೇ. ಅಕ್ಷರಕ್ಕೆ ಒಂದೇ ರೂಪ ಇರುವ ಫಾಂಟ್‌ನಲ್ಲಿ ಎರಡು 'ಡಿ'ಗಳೂ ಅವಳಿ-ಜವಳಿಗಳ ಹಾಗೆ ನಿಲ್ಲುತ್ತವೆ. ಕೈಬರಹ ಅಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಜಾಪ್ಫಿನೊದಲ್ಲಿ ಹಾಗಲ್ಲ. 1998ರಲ್ಲಿ ಲಿನೋಟೈಪ್ ಅನ್ನುವ ಫಾಂಟ್ ಕಂಪನಿ ಇದನ್ನು ಹೊರತಂದಾಗಲೇ ನಾಲ್ಕು ಅಕ್ಷರಮಾಲೆಗಳಿದ್ದವು, ಅಂದರೆ ಒಂದೇ ಅಕ್ಷರಕ್ಕೆ ಬೇರೆ ಬೇರೆ ರೂಪಗಳು. ಇಲ್ಲಸ್ಟ್ರೇಟರ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅಕ್ಷರದ ಎಲ್ಲ ರೂಪಗಳನ್ನು ತೋರಿಸುವ ಗ್ಲಿಫ್ಸ್ ಪ್ಯಾನೆಲ್ ತೆರೆದು ಒಂದು 'ಡಿ'ಗೆ ಸಾದಾ ರೂಪ, ಇನ್ನೊಂದಕ್ಕೆ ಬೇರೆ ರೂಪ ಆರಿಸುತ್ತೇನೆ. ಒಂದು ಹೆಸರಿಗೆ ಒಂದೇ ಉದ್ದ ಬಾಲ ಸಾಕು. ಎರಡಾದರೆ ಗೆರೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಇದನ್ನು ಮಾಡಿದವರು ಜರ್ಮನಿಯ ಹರ್ಮನ್ ಜಾಪ್ಫ್. ಪ್ಯಾಲಟಿನೊ, ಆಪ್ಟಿಮಾ ಫಾಂಟ್‌ಗಳು ಕೂಡ ಅವರದೇ. ಜಾಪ್ಫಿನೊದ ಮೂಲ ಇರುವುದು 1944ರಲ್ಲಿ ಅವರು ಸ್ಕೆಚ್ ಪುಸ್ತಕದಲ್ಲಿ ಬರೆದ ಕೈಬರಹದಲ್ಲಿ. ಅಚ್ಚುಮೊಳೆಯ ಕಾಲದಲ್ಲಿ ಅಕ್ಷರ ಲೋಹದ ತುಂಡಿನ ಅಳತೆಗೆ ತಗ್ಗಿ ಇರಬೇಕಿತ್ತು. ಇಷ್ಟು ದೂರ ಚಾಚುವ ಗೆರೆಗೆ ಅಲ್ಲಿ ಜಾಗ ಎಲ್ಲಿ? ಕಂಪ್ಯೂಟರ್ ಬಂದ ಮೇಲೆ ಅದು ಸಾಧ್ಯವಾಯಿತು. ಆ ಹೊತ್ತಿಗೆ ಜಾಪ್ಫ್ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಇದನ್ನು ತಿಳಿದ ಮೇಲೆ ಈ ಅಕ್ಷರಗಳ ಮೇಲೆ ನನಗೆ ಗೌರವ ಇನ್ನೂ ಹೆಚ್ಚಾಯಿತು.

ಕಷ್ಟಗಳೂ ಇವೆ. ಈ ಫಾಂಟ್ ಜಾಗ ತಿನ್ನುತ್ತದೆ. ಮೇಲೆ-ಕೆಳಗೆ ಧಾರಾಳವಾಗಿ ಬಿಡದಿದ್ದರೆ ಬಾಲಗಳು ಪಕ್ಕದ ಸಾಲಿಗೆ ನುಗ್ಗುತ್ತವೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಟೆಕ್ಸ್ಟ್ ಬಾಕ್ಸ್‌ನ ಅಂಚಿಗೆ ಬಂದ ಗೆರೆ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಚಿಕ್ಕ ಸೈಜಿನಲ್ಲಿ ಗೋಲ್ಡ್ ಫಾಯಿಲ್ ಹಾಕಿಸಿದರೆ ಸಣ್ಣ ಗೆರೆಗಳು ಸರಿಯಾಗಿ ಹಿಡಿಯುವುದಿಲ್ಲ. ಪೂರ್ತಿ ಹೆಸರನ್ನು ಕ್ಯಾಪಿಟಲ್ ಅಕ್ಷರದಲ್ಲಿ ಕೇಳುವ ಗ್ರಾಹಕರಿಗೆ ನಾನು ಒಪ್ಪುವುದೇ ಇಲ್ಲ. ಅದು ಓದಲು ಬರುವುದಿಲ್ಲ.

ಇದರಲ್ಲಿ ಕನ್ನಡ ಅಕ್ಷರಗಳಿಲ್ಲ. ಕನ್ನಡದ ಬದಿಗೆ ಬಳುಕಿನ ಫಾಂಟ್ ಹುಡುಕಿ ಇದಕ್ಕೆ ಜೋಡಿ ಮಾಡಲು ಹೋಗಬೇಡಿ. ನಮ್ಮ ಅಕ್ಷರಗಳು ಮೊದಲೇ ದುಂಡಗೆ, ತುಂಬಿಕೊಂಡಿವೆ. ಸಾದಾ ಫಾಂಟ್ ಸ್ವಲ್ಪ ದೊಡ್ಡದಾಗಿ ಹಾಕಿದರೆ ಸಾಕು, ಎರಡೂ ಬದಿ ಚೆನ್ನಾಗಿ ಕೂರುತ್ತವೆ.

ಮ್ಯಾಕ್ ಇದ್ದವರಿಗೆ ಇದು ಮೊದಲೇ ಸಿಸ್ಟಮ್‌ನಲ್ಲಿ ಇರುತ್ತದೆ. ವಿಂಡೋಸ್‌ನವರು ಲೈಸೆನ್ಸ್ ಕೊಳ್ಳಬೇಕು. ದುಡ್ಡು ಹಾಕಲು ಆಗದವರು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಗ್ರೇಟ್ ವೈಬ್ಸ್ ನೋಡಬಹುದು. ಚಿಕ್ಕ ಹೆಸರುಗಳಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಯಾವುದನ್ನೇ ಬಳಸಿ, ಪ್ರೆಸ್ಸಿಗೆ ಫೈಲ್ ಕಳಿಸುವ ಮುಂಚೆ ಅಕ್ಷರಗಳನ್ನು ಔಟ್‌ಲೈನ್ ಮಾಡಿಬಿಡಿ, ಅಂದರೆ ಫಾಂಟ್ ಇಲ್ಲದೆಯೂ ಹಾಗೆಯೇ ಉಳಿಯುವ ಚಿತ್ರದ ಗೆರೆಗಳಾಗಿ ಬದಲಿಸಿ. ಅಲ್ಲಿನ ಕಂಪ್ಯೂಟರ್‌ನಲ್ಲಿ ಫಾಂಟ್ ಇಲ್ಲದಿದ್ದರೆ ನೀವು ಆರಿಸಿಟ್ಟ ರೂಪಗಳೆಲ್ಲ ಬದಲಾಗುತ್ತವೆ.